ಬೇಲಿ ಮೇಯ್ದ ಹೊಲ

ಅಮ್ಮನ ಮಂಡಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು ಒಂದೇ ಮಾತು ಹೇಳಿದರು. "ಸವೆದಿದೆ."

ಚಪ್ಪಲಿ ಸವೆಯುವ ಹಾಗೆ, ಟೈರ್ ಸವೆಯುವ ಹಾಗೆ. ಅಮ್ಮನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಅಂದಿನಿಂದ ಅವರು ಹೆಜ್ಜೆಗಳನ್ನು ಎಣಿಸಿ ಖರ್ಚು ಮಾಡತೊಡಗಿದರು. ಮಹಡಿ ಹತ್ತುವುದು ದಿನಕ್ಕೆ ಒಂದೇ ಸಲ. ಸಂಜೆಯ ವಾಕಿಂಗ್ ನಿಂತೇಹೋಯಿತು. "ಉಳಿದಿರೋದನ್ನಾದ್ರೂ ಜೋಪಾನ ಮಾಡ್ಬೇಕಲ್ಲ" ಅಂದರು.

ನಾನು ಪಕ್ಕದಲ್ಲೇ ಕೂತಿದ್ದೆ. ಅಷ್ಟು ಹೊತ್ತಿಗೆ ಕೀಲಿನ ಕಾರ್ಟಿಲೇಜ್, ಅಂದರೆ ಮೂಳೆಯ ತುದಿಗೆ ಹೊದ್ದಿರುವ ನುಣುಪಾದ ಪದರದ ಮೇಲೆ ಹದಿನೈದು ವರ್ಷ ಕೆಲಸ ಮಾಡಿದ್ದ ಜೀವರಸಾಯನ ವಿಜ್ಞಾನಿ ನಾನು. ಆ ಮಾತು ಸರಿಯಲ್ಲ ಅಂತ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮನೆಗೆ ಬಂದ ಮೇಲೂ ಕೂತು ಬಿಡಿಸಿ ಹೇಳಲಿಲ್ಲ. ಹೇಳಿದ್ದು ಎರಡು ವರ್ಷ ಆದ ಮೇಲೆ. ಆ ಎರಡು ವರ್ಷ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಹಾಗಾಗಿ ಅಮ್ಮನಿಗಿದ್ದ ಆಸ್ಟಿಯೋ ಆರ್ಥ್ರೈಟಿಸ್ ಎಂಬ ಕೀಲುರೋಗಕ್ಕೆ ಅಂಟಿಕೊಂಡಿರುವ ಈ "ಸವೆತ" ಅನ್ನುವ ಪದದ ಜೊತೆ ನನ್ನ ಜಗಳವನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತೇನೆ.

ಮೃದ್ವಸ್ಥಿ ಅನ್ನುವುದು ಪಠ್ಯಪುಸ್ತಕದ ಮಾತು. ಲ್ಯಾಬ್‌ನಲ್ಲಿ ನಾವೆಲ್ಲ ಕಾರ್ಟಿಲೇಜ್ ಅಂತಲೇ ಅನ್ನುತ್ತಿದ್ದೆವು. ನಾನು ಅದನ್ನು ಮೊದಲ ಸಲ ಮುಟ್ಟಿದ್ದು 1991ರಲ್ಲಿ, ಪಿಎಚ್‌ಡಿಗೆ ಸೇರಿದ ಮೊದಲ ವಾರ. ಟ್ರೇಯಲ್ಲಿ ಹಂದಿಯ ಒಂದು ಕೀಲು. ಗೈಡ್ ಕೈಗೆ ಸ್ಕಾಲ್ಪೆಲ್ ಕೊಟ್ಟು "ಮೂಳೆಗೆ ತಾಗಿಸಬೇಡ, ತೆಳ್ಳಗೆ ತೆಗಿ" ಅಂದರು. ಕೀಲು ಬಿಚ್ಚಿದಾಗ ಒಳಗೆ ಕಂಡ ಬಿಳುಪನ್ನು ನಾನು ಮರೆಯಲಾರೆ. ಹಾಲಿಗೆ ಒಂದೇ ಒಂದು ಹನಿ ನೀಲಿ ಬೆರೆಸಿದ ಹಾಗಿತ್ತು. ಬೆರಳು ಇಟ್ಟರೆ ನಿಲ್ಲುವುದಿಲ್ಲ, ಜಾರಿಹೋಗುತ್ತದೆ. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಿ, ನೋಡನೋಡುತ್ತಲೇ ಮತ್ತೆ ಮೇಲೇಳುತ್ತದೆ. ಸ್ಕಾಲ್ಪೆಲ್ ಎಳೆದೆ. ಎದ್ದು ಬಂದ ಚೂರು ತಾನಾಗಿಯೇ ಸುರುಳಿ ಸುತ್ತಿಕೊಂಡಿತು, ಒಳಗೆ ಯಾವುದೋ ಬಿಗಿ ಇಟ್ಟುಕೊಂಡಿದ್ದ ಹಾಗೆ.

ಆ ಬಿಗಿಯೇ ಕಾರ್ಟಿಲೇಜಿನ ಗುಟ್ಟು. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ ಬರೀ ನೀರು. ಉಳಿದದ್ದರಲ್ಲಿ ಮುಖ್ಯವಾಗಿ ಎರಡು ವಸ್ತು. ಒಂದು ಕೊಲಾಜನ್, ಬಲೆಯ ಹಾಗೆ ಹೆಣೆದ ಗಟ್ಟಿ ನಾರು. ಇನ್ನೊಂದು ಅಗ್ರಿಕನ್. ಇದು ಬಾಟಲಿ ತೊಳೆಯುವ ಬ್ರಶ್ಶಿನ ಥರ ಇರುವ ದೊಡ್ಡ ಅಣು. ನಡುವಿನ ಕಡ್ಡಿ ಪ್ರೋಟೀನಿನದ್ದು. ಅದರಿಂದ ಹೊರಟ ನೂರರಷ್ಟು ಎಳೆಗಳು ಕಾಂಡ್ರಾಯ್ಟಿನ್ ಸಲ್ಫೇಟ್ ಅನ್ನುವ ಸಕ್ಕರೆಯ ಸರಪಳಿಗಳು. ಆ ಎಳೆಗಳ ತುಂಬ ಋಣ ವಿದ್ಯುದಂಶ. ಅದಕ್ಕೇ ಅವು ನೀರನ್ನು ಎಳೆದುಕೊಂಡು ಊದಿಕೊಳ್ಳಲು ನೋಡುತ್ತವೆ. ಕೊಲಾಜನ್ ಬಲೆ ಊದಲು ಬಿಡುವುದಿಲ್ಲ. ಈ ಎಳೆದಾಟದಲ್ಲೇ ಕಾರ್ಟಿಲೇಜ್ ಬಿಗಿಯಾಗಿ ನಿಂತಿರುತ್ತದೆ. ಕಾಲಿನ ಮೇಲೆ ಭಾರ ಬಿದ್ದರೆ ಸ್ವಲ್ಪ ನೀರು ಹೊರಗೆ ಹಿಂಡಿಹೋಗುತ್ತದೆ. ಭಾರ ತೆಗೆದರೆ ಮತ್ತೆ ಒಳಗೆ ಬರುತ್ತದೆ. ಒಳ್ಳೆಯ ಸ್ಪಂಜಿನ ಹಾಗೆ.

ಕಾರ್ಟಿಲೇಜಿನಲ್ಲಿ ರಕ್ತನಾಳವಿಲ್ಲ. ನರವೂ ಇಲ್ಲ. ಒಳಗಿರುವ ಕೆಲವೇ ಕೋಶಗಳಿಗೆ ಊಟ ಬರುವುದು ಸುತ್ತಲಿನ ಕೀಲುದ್ರವದಿಂದ. ಹೀಗೆ ಹಿಂಡುವ, ಹೀರುವ ಓಡಾಟ ಅದಕ್ಕೆ ನೆರವಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಅಮ್ಮನ ಕಥೆಗೆ ಮತ್ತೆ ಬೇಕಾಗುತ್ತದೆ.

ಈ ಅಗ್ರಿಕನ್ ಕಥೆಯಲ್ಲಿ ನಾನು ತುಂಬ ಗೌರವಿಸುವ ಒಬ್ಬರಿದ್ದಾರೆ, ಹೆಲೆನ್ ಮ್ಯೂರ್. ಹುಟ್ಟಿದ್ದು 1920ರಲ್ಲಿ, ನೈನಿತಾಲ್‌ನಲ್ಲಿ. ಕೆಲಸ ಮಾಡಿದ್ದು ಇಂಗ್ಲೆಂಡಿನಲ್ಲಿ. ಕಾಂಡ್ರಾಯ್ಟಿನ್ ಸಲ್ಫೇಟ್ ಸರಪಳಿ ಪ್ರೋಟೀನಿಗೆ ಅಂಟಿಕೊಂಡಿರುವುದು ಸೆರಿನ್ ಎಂಬ ಅಮೈನೋ ಆಮ್ಲದ ಮೂಲಕ ಅಂತ 1958ರಲ್ಲಿ ತೋರಿಸಿದರು. 1972ರಲ್ಲಿ ಟಿಮ್ ಹಾರ್ಡಿಂಗ್‌ಹ್ಯಾಮ್ ಜೊತೆ ಸೇರಿ, ಈ ಬ್ರಶ್ಶುಗಳು ಹಯಲುರೋನಿಕ್ ಆಮ್ಲ ಅನ್ನುವ ಉದ್ದ ದಾರಕ್ಕೆ ಸಾಲಾಗಿ ಕಚ್ಚಿಕೊಂಡು ಕೂರುತ್ತವೆ ಅಂತ ಕಂಡುಕೊಂಡರು. ಅಷ್ಟು ದೊಡ್ಡ ಜೋಡಣೆ ಆದದ್ದರಿಂದಲೇ ಅಗ್ರಿಕನ್ ಕೊಲಾಜನ್ ಬಲೆಯಿಂದ ನುಸುಳಿ ಹೊರಗೆ ಹೋಗುವುದಿಲ್ಲ. ಆ ಸಂಶೋಧನಾ ಲೇಖನದ ಫೋಟೋಕಾಪಿ ಇನ್ನೂ ನನ್ನ ಹತ್ತಿರ ಇದೆ, ಅಂಚುಗಳು ಹಳದಿಯಾಗಿವೆ. ಕೀಲು ಹಾಳಾಗುವುದನ್ನು ಬರೀ ಯಂತ್ರದ ಸವಕಳಿ ಅಂದುಕೊಂಡಿದ್ದ ಕಾಲದಲ್ಲಿ, ಇದು ಜೀವಂತ ಅಂಗಾಂಶದ ರಸಾಯನ ಅಂತ ಹಟ ಹಿಡಿದು ಹೇಳಿದವರಲ್ಲಿ ಆಕೆ ಮುಂದಿನ ಸಾಲಿನವರು.

ಆದರೆ "ಸವೆತ"ದ ಮೇಲಿನ ನನ್ನ ನಂಬಿಕೆಯನ್ನು ಮುರಿದದ್ದು ಇನ್ನೊಬ್ಬರ ಪ್ರಯೋಗ. ಕೇಂಬ್ರಿಜ್‌ನ ಸ್ಟ್ರೇಂಜ್‌ವೇಸ್ ಲ್ಯಾಬ್ ಅನ್ನು ದಶಕಗಳ ಕಾಲ ನಡೆಸಿದ ಆನರ್ ಫೆಲ್ ಅವರದ್ದು. 1977ರಲ್ಲಿ ಅದು ಪ್ರಕಟವಾದಾಗ ಅವರಿಗೆ 77ರ ಆಸುಪಾಸು. ಅವರೂ ಜಬ್ ಎಂಬ ಸಹೋದ್ಯೋಗಿಯೂ ಹಂದಿಯ ಕಾರ್ಟಿಲೇಜ್ ಚೂರುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಪಕ್ಕದಲ್ಲಿ ಕೀಲಿನ ಒಳಪೊರೆಯ ತುಂಡು ಇಟ್ಟರು. ಎರಡೂ ಒಂದಕ್ಕೊಂದು ತಾಗುವ ಹಾಗಿಲ್ಲ, ನಡುವೆ ಬರೀ ದ್ರವ. ಆದರೂ ಕಾರ್ಟಿಲೇಜ್ ಕರಗತೊಡಗಿತು. ಆಮೇಲೆ ಅದೇ ಪ್ರಯೋಗವನ್ನು ಕೋಶಗಳನ್ನು ಮೊದಲೇ ಕೊಂದ ಕಾರ್ಟಿಲೇಜ್ ಇಟ್ಟು ಮಾಡಿದರು. ಸತ್ತ ಕಾರ್ಟಿಲೇಜಿಗೆ ದೂರದಿಂದ ಏನೂ ಆಗಲಿಲ್ಲ.

ಒಂದು ನಿಮಿಷ ಇದರ ಹತ್ತಿರ ನಿಲ್ಲಿ. ಒಳಪೊರೆ ನೇರವಾಗಿ ಕಾರ್ಟಿಲೇಜನ್ನು ತಿನ್ನುತ್ತಿದ್ದರೆ ಸತ್ತದ್ದೂ ಕರಗಬೇಕಿತ್ತು, ಅಲ್ವಾ? ಕರಗಿದ್ದು ಜೀವ ಇರುವುದು ಮಾತ್ರ. ಅಂದರೆ ಒಳಪೊರೆ ಯಾವುದೋ ಸುದ್ದಿ ಕಳಿಸುತ್ತಿತ್ತು. ಕೆಲಸ ಮಾಡುತ್ತಿದ್ದದ್ದು ಕಾರ್ಟಿಲೇಜಿನ ಸ್ವಂತ ಕೋಶಗಳು. ತಾವೇ ಕಟ್ಟಿದ್ದನ್ನು ತಾವೇ ಬಿಚ್ಚುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದೇ. ಆ ಸುದ್ದಿಯ ಅಣುವಿಗೆ ಕ್ಯಾಟಬೋಲಿನ್ ಅಂತ ಹೆಸರಿಟ್ಟರು. 1985ರ ಹೊತ್ತಿಗೆ ಅದು ಇಂಟರ್‌ಲ್ಯೂಕಿನ್-1, ರೋಗನಿರೋಧಕ ವ್ಯವಸ್ಥೆಯವರಿಗೆ ಬೇರೆ ದಾರಿಯಿಂದ ಗೊತ್ತಾಗಿದ್ದ ಅಣುವೇ, ಅಂತ ತಿಳಿಯಿತು.

ಟೈರ್ ತನ್ನನ್ನು ತಾನು ತಿನ್ನುವುದಿಲ್ಲ. ಕಾರ್ಟಿಲೇಜ್ ತಿನ್ನುತ್ತದೆ.

ನನ್ನ ಪಿಎಚ್‌ಡಿಯ ದಿನಗಳೆಲ್ಲ ಇದೇ ಪ್ರಯೋಗದ ಮೊಮ್ಮಕ್ಕಳ ಜೊತೆ ಕಳೆದವು. 4 ಮಿಲಿಮೀಟರ್ ಪಂಚ್‌ನಿಂದ ಗುಂಡಗೆ ಕತ್ತರಿಸಿದ ಚೂರುಗಳು. ಗುಲಾಬಿ ಬಣ್ಣದ ಮೀಡಿಯಂ, ಅಂದರೆ ಕೋಶಗಳಿಗೆ ಆಹಾರವಾಗುವ ದ್ರವ. 37 ಡಿಗ್ರಿಯ ಇನ್‌ಕ್ಯುಬೇಟರ್. ಅರ್ಧ ಗುಳಿಗಳಿಗೆ ಇಂಟರ್‌ಲ್ಯೂಕಿನ್-1, ಅರ್ಧಕ್ಕೆ ಏನೂ ಇಲ್ಲ. ಮೂರು ದಿನ ಬಿಟ್ಟು ಮೀಡಿಯಂ ತೆಗೆದು ಅದಕ್ಕೆ ಡೈಮೀಥೈಲ್‌ಮೀಥಿಲೀನ್ ಬ್ಲೂ ಬಣ್ಣ ಹಾಕುವುದು. ಕರಗಿ ಹೊರಬಂದ ಅಗ್ರಿಕನ್ ಇದ್ದರೆ ಕಡುನೀಲಿ ಬಣ್ಣ ಕಣ್ಣೆದುರೇ ನೇರಳೆಗೆ ತಿರುಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಬಣ್ಣ ತಳಕ್ಕೆ ಕೂತುಬಿಡುತ್ತದೆ. ಹಾಗಾಗಿ ತಟ್ಟೆಯನ್ನು ಎತ್ತಿಕೊಂಡು ಯಂತ್ರದತ್ತ ಓಡಬೇಕು. ಓಡುವಾಗಲೇ ನಾನು ಬಗ್ಗಿ ನೋಡುತ್ತಿದ್ದೆ. ಎಡಗಡೆ ನೀಲಿ, ಬಲಗಡೆ ನೇರಳೆ. ಯಂತ್ರ ಅಂಕಿ ಕೊಡುವ ಮೊದಲೇ ಉತ್ತರ ಗೊತ್ತಾಗಿಬಿಡುತ್ತಿತ್ತು. ಮೂವತ್ತು ವರ್ಷ ಆಯಿತು, ಆ ಬಣ್ಣ ತಿರುಗುವುದನ್ನು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ಒಂದು ದೊಡ್ಡ ತಪ್ಪನ್ನೂ ಹೇಳಬೇಕು. ಎರಡನೇ ವರ್ಷ ನಾನು ಚೂರುಗಳನ್ನು ಬಿಟ್ಟು ಕೋಶಗಳನ್ನು ಬಿಡಿಸಿ, ಪ್ಲಾಸ್ಟಿಕ್ ತಟ್ಟೆಯ ಮೇಲೆ ಬೆಳೆಸಲು ಶುರು ಮಾಡಿದೆ. ಚೆನ್ನಾಗಿ ಬೆಳೆದವು. ಎಂಟು ತಿಂಗಳು ಪ್ರಯೋಗದ ಮೇಲೆ ಪ್ರಯೋಗ ಮಾಡಿದೆ. ಕೊನೆಗೆ ಒಂದು ದಿನ ಕೊಲಾಜನ್ ಯಾವ ಬಗೆಯದು ಅಂತ ಪರೀಕ್ಷಿಸಿದಾಗ ಎದೆ ಧಸಕ್ಕೆಂದಿತು. ಕಾರ್ಟಿಲೇಜಿನ ಕೋಶ ತಯಾರಿಸಬೇಕಾದ್ದು ಎರಡನೇ ಬಗೆಯ ಕೊಲಾಜನ್. ನನ್ನವು ಒಂದನೇ ಬಗೆಯದನ್ನು, ಅಂದರೆ ಚರ್ಮದ, ಗಾಯದ ಕಲೆಯ ಕೊಲಾಜನ್ ಅನ್ನು ತಯಾರಿಸುತ್ತಿದ್ದವು. ಚಪ್ಪಟೆ ತಟ್ಟೆಯ ಮೇಲೆ ಹರಡಿಕೊಂಡ ಈ ಕೋಶಗಳು ಕೆಲವೇ ವಾರಗಳಲ್ಲಿ ತಮ್ಮ ಕಸುಬನ್ನೇ ಮರೆಯುತ್ತವೆ. ಎಂಟು ತಿಂಗಳು ನಾನು ಯಾವ ಕೋಶದ ಬಗ್ಗೆ ಬರೆದಿದ್ದೆನೋ ಅದು ತಟ್ಟೆಯಲ್ಲಿ ಇರಲೇ ಇಲ್ಲ. ಎಲ್ಲವನ್ನೂ ಬದಿಗಿಟ್ಟೆ. ಆಮೇಲೆ ಅದೇ ಬಗೆಯ ಕೋಶಗಳನ್ನು ಆಲ್ಜಿನೇಟ್ ಎಂಬ ಜೆಲ್‌ನ ಪುಟ್ಟ ಮಣಿಗಳಲ್ಲಿ ಇಟ್ಟೆ. ಕೆಲವು ದಿನಕ್ಕೆ ಮತ್ತೆ ದುಂಡಗಾದವು. ಮತ್ತೆ ತಮ್ಮ ಕೊಲಾಜನ್ ನೇಯತೊಡಗಿದವು. ಸುತ್ತಲಿನ ಒತ್ತಡ, ಆಸರೆ ಇಲ್ಲದೆ ಈ ಕೋಶಕ್ಕೆ ತಾನು ಯಾರು ಅಂತಲೇ ತಿಳಿಯುವುದಿಲ್ಲ. ಆ ಎಂಟು ತಿಂಗಳು ನನಗೆ ಕಲಿಸಿದ್ದು ಇದನ್ನೇ, ಮತ್ತು ಇದು ನನ್ನ ಪಿಎಚ್‌ಡಿ ಪ್ರಬಂಧದ ಅರ್ಧ ಭಾಗವಾಯಿತು.

ಆ ಕಾಲದಲ್ಲಿ ನಮ್ಮ ಕ್ಷೇತ್ರದಲ್ಲೆಲ್ಲ ಒಂದೇ ಹುಡುಕಾಟ. ಅಗ್ರಿಕನ್ ಅನ್ನು ಕತ್ತರಿಸುವ ಕಿಣ್ವ ಯಾವುದು? ಕೊಲಾಜನ್ ಕತ್ತರಿಸುವ ಕಿಣ್ವ 1962ರಷ್ಟು ಹಿಂದೆಯೇ ಸಿಕ್ಕಿತ್ತು, ಅದೂ ಗೊದಮೊಟ್ಟೆಯ ಬಾಲದಲ್ಲಿ. ಕಪ್ಪೆಯಾಗುವಾಗ ಆ ಬಾಲ ಎಲ್ಲಿ ಹೋಗುತ್ತದೆ ಅಂತ ಇಬ್ಬರು ಕೇಳಿಕೊಂಡಿದ್ದರಿಂದ ಸಿಕ್ಕಿದ್ದು. ನನಗೆ ಆ ಪ್ರಶ್ನೆಯೇ ಎಷ್ಟು ಚೆಂದ ಅನಿಸುತ್ತದೆ. ಅಗ್ರಿಕನ್ ವಿಷಯದಲ್ಲಿ ಮಾತ್ರ ಕತ್ತರಿ ಬಿದ್ದ ಜಾಗ ಗೊತ್ತಿತ್ತು, ಕತ್ತರಿ ಗೊತ್ತಿರಲಿಲ್ಲ. 1990ರ ದಶಕದ ಶುರುವಿನಲ್ಲೇ, ಅಗ್ರಿಕನ್‌ನ ಪ್ರೋಟೀನ್ ಕಡ್ಡಿಯ 373ನೇ ಮತ್ತು 374ನೇ ಅಮೈನೋ ಆಮ್ಲಗಳ ನಡುವೆ ಕತ್ತರಿ ಬೀಳುತ್ತದೆ ಅಂತ ತಿಳಿದಿತ್ತು. ರೋಗಿಗಳ ಕೀಲುದ್ರವದಲ್ಲೂ ಅದೇ ಗುರುತಿನ ತುಂಡುಗಳು. ಗೊತ್ತಿದ್ದ ಯಾವ ಕಿಣ್ವವೂ ಆ ಗುರುತಿಗೆ ಸರಿಹೊಂದುತ್ತಿರಲಿಲ್ಲ. ಆಸಾಮಿ ಸಿಗುವ ಮೊದಲೇ ಅವನಿಗೆ ಅಗ್ರಿಕನೇಸ್ ಅಂತ ಹೆಸರಿಟ್ಟಾಗಿತ್ತು. ಸಿಕ್ಕಿದ್ದು 1999ರಲ್ಲಿ, ಎಡಿಎಎಂಟಿಎಸ್-4. ಹಿಂದೆಯೇ ಎಡಿಎಎಂಟಿಎಸ್-5. 2005ರಲ್ಲಿ ಎರಡು ತಂಡಗಳು ಒಟ್ಟಿಗೇ ತೋರಿಸಿದವು: ಈ ಎರಡನೆಯದನ್ನು ತೆಗೆದುಹಾಕಿದ ಇಲಿಗಳಲ್ಲಿ ಕಾರ್ಟಿಲೇಜ್ ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ. ಆ ವಾರ ನಮ್ಮ ಲ್ಯಾಬ್‌ನಲ್ಲಿ ಯಾರೂ ಸರಿಯಾಗಿ ಕೆಲಸ ಮಾಡಲಿಲ್ಲ. ಇನ್ನೇನು ಮಾತ್ರೆ ಬಂದೇಬಿಟ್ಟಿತು ಅಂತ ಮಾತಾಡಿದ್ದೇ ಆಯಿತು.

ಬರಲಿಲ್ಲ. 2020ರ ಸುಮಾರಿಗೆ ಎಡಿಎಎಂಟಿಎಸ್-5 ತಡೆಯುವ ಒಂದು ಮಾತ್ರೆಯನ್ನು 900ಕ್ಕೂ ಹೆಚ್ಚು ರೋಗಿಗಳಿಗೆ ಒಂದು ವರ್ಷ ಕೊಟ್ಟು ನೋಡಿದರು. ಕಾರ್ಟಿಲೇಜ್ ತೆಳ್ಳಗಾಗುವುದು ನಿಲ್ಲಲಿಲ್ಲ. ಅದಕ್ಕೂ ಮೊದಲು ಕೊಲಾಜನ್ ಕತ್ತರಿಸುವ ಕಿಣ್ವಗಳ ಇಡೀ ಕುಟುಂಬವನ್ನೇ ತಡೆಯುವ ಔಷಧಿಗಳನ್ನು ಬೇರೆ ರೋಗಗಳಿಗಾಗಿ ಕೊಟ್ಟಾಗ, ತೆಗೆದುಕೊಂಡವರಿಗೆ ಕೀಲುಗಳೇ ಬಿಗಿದು ನೋವು ಶುರುವಾಗಿತ್ತು. ಕಾರ್ಟಿಲೇಜ್ ಬೆಳೆಸುವ ಸ್ಪ್ರಿಫರ್ಮಿನ್ ಎಂಬ ಚುಚ್ಚುಮದ್ದು 2019ರಲ್ಲಿ ಸ್ವಲ್ಪ ಆಸೆ ಹುಟ್ಟಿಸಿತು. ಎರಡು ವರ್ಷದ ಕೊನೆಗೆ, ಔಷಧಿಯಿಲ್ಲದ ಸುಳ್ಳು ಚುಚ್ಚುಮದ್ದು ಪಡೆದವರಿಗೆ ಹೋಲಿಸಿದರೆ ದಪ್ಪದಲ್ಲಿ ಕಂಡ ವ್ಯತ್ಯಾಸ ಸುಮಾರು 0.05 ಮಿಲಿಮೀಟರ್. ನೋವು ಮಾತ್ರ ಸುಳ್ಳು ಚುಚ್ಚುಮದ್ದು ಪಡೆದವರಿಗಿಂತ ಕಡಿಮೆಯಾಗಲಿಲ್ಲ. ಕೀಲಿನ ಸವೆತ ಅಂತ ನಾವು ಕರೆಯುವ ಆಸ್ಟಿಯೋ ಆರ್ಥ್ರೈಟಿಸ್ ಅನ್ನು ತಡೆದು ನಿಲ್ಲಿಸುವ ಔಷಧಿ ಇವತ್ತಿಗೂ ಇಲ್ಲ. 2019ರ ಲೆಕ್ಕದಲ್ಲಿ ಜಗತ್ತಿನಲ್ಲಿ 52.8 ಕೋಟಿ ಜನರಿಗೆ ಈ ರೋಗವಿತ್ತು.

ಪಕ್ಕದ ಮನೆಯಲ್ಲಿ ಹಬ್ಬ ನಡೆಯುತ್ತಿತ್ತು. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ಬೀಳುವ ಸಂಧಿವಾತದಲ್ಲಿ, ಟಿಎನ್‌ಎಫ್ ಎಂಬ ಒಂದೇ ಅಣುವನ್ನು ತಡೆದರೆ ಸಾಕು ಅಂತ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ತೋರಿಸಿದರು. ಅದನ್ನು ತಡೆಯುವ ಔಷಧಿಯನ್ನು 1992ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಗಳಿಗೆ ಕೊಟ್ಟರು. ಹೆಲೆನ್ ಮ್ಯೂರ್ ನಡೆಸಿದ್ದ ಕೆನಡಿ ಇನ್‌ಸ್ಟಿಟ್ಯೂಟಿನವರೇ ಇವರೂ. ಆ ರೋಗದ ಹಣೆಬರಹವೇ ಬದಲಾಯಿತು. ನನ್ನ ಜೊತೆಗಿದ್ದ ಹಲವರು ಆ ಕಡೆ ಹೋದರು. ಹೋದದ್ದು ಸರಿಯೇ. ನಾನು ಕಾರ್ಟಿಲೇಜಿನ ಹತ್ತಿರವೇ ಉಳಿದೆ. ನನಗೆ ಈ ನೀರುಗಟ್ಟಿದ ಬಿಳಿ ಪದರದ ಮೇಲೆ ಪ್ರೀತಿ, ಅಷ್ಟೇ ಕಾರಣ.

ನಮ್ಮ ಮಾತ್ರೆಗಳು ಏಕೆ ಸೋತವು? ನನಗನಿಸುವುದು ನಾವು ತುಂಬ ತಡವಾಗಿ ಹೋಗುತ್ತಿದ್ದೇವೆ. 1956ರಲ್ಲಿ ಲೂಯಿಸ್ ಥಾಮಸ್ ಮೊಲಗಳಿಗೆ ಪಪಾಯ್ನ್ ಕಿಣ್ವ ಚುಚ್ಚಿದಾಗ ಅವುಗಳ ನೆಟ್ಟಗಿನ ಕಿವಿಗಳು ಜೋತುಬಿದ್ದವು. ಕಿವಿಯ ಕಾರ್ಟಿಲೇಜಿನ ಬ್ರಶ್ಶುಗಳೆಲ್ಲ ಕರಗಿದ್ದವು. ಕೆಲವೇ ದಿನಗಳಲ್ಲಿ ಅವೇ ಕಿವಿಗಳು ಮತ್ತೆ ಎದ್ದು ನಿಂತವು! ಕೋಶಗಳು ಹೊಸ ಬ್ರಶ್ಶು ತಯಾರಿಸಿದ್ದವು, ಬಲೆ ಹಾಗೇ ಇತ್ತು. ನಮ್ಮ ತಟ್ಟೆಯ ಚೂರುಗಳಲ್ಲೂ ಇದೇ ನಡೆಯುತ್ತದೆ. ಮೊದಲು ಹೋಗುವುದು ಅಗ್ರಿಕನ್, ಆ ಹಂತದಲ್ಲಿ ನಿಲ್ಲಿಸಿದರೆ ತುಂಬಿಕೊಳ್ಳುತ್ತದೆ. ಕೊಲಾಜನ್ ತುಂಡಾಗುವುದು ತುಂಬ ತಡವಾಗಿ. ಅದು ಹೋದರೆ ವಾಪಸ್ ಬರುವುದಿಲ್ಲ.

ಎಷ್ಟರಮಟ್ಟಿಗೆ ಬರುವುದಿಲ್ಲ ಅನ್ನುವುದು 2016ರಲ್ಲಿ ಪ್ರಕಟವಾದ ಒಂದು ಕೆಲಸದಿಂದ ಗೊತ್ತಾಯಿತು. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿತ್ತು, ಆಮೇಲೆ ನಿಧಾನ ಇಳಿಯಿತು. ಅದು ಆಹಾರದ ಮೂಲಕ ಎಲ್ಲರ ಮೈಯೊಳಗೂ ಸೇರಿತು. ಯಾವ ಅಂಗಾಂಶದಲ್ಲಿ ಎಷ್ಟಿದೆ ಅಂತ ಅಳೆದರೆ ಆ ಅಂಗಾಂಶ ಯಾವ ಕಾಲದ್ದು ಅಂತ ಹೇಳಬಹುದು. ಹೀಗೆ ಮಂಡಿಯ ಕಾರ್ಟಿಲೇಜಿನ ಕೊಲಾಜನ್ ಅಳೆದರು. ಅದು ಆ ವ್ಯಕ್ತಿಯ ಬೆಳೆಯುವ ವಯಸ್ಸಿನದ್ದಾಗಿತ್ತು. ದೊಡ್ಡವರಾದ ಮೇಲೆ ಹೊಸದು ಹೆಚ್ಚುಕಡಿಮೆ ಸೇರಿರಲೇ ಇಲ್ಲ, ರೋಗ ಬಂದ ಮಂಡಿಯಲ್ಲೂ ಅಷ್ಟೇ. ಅದನ್ನು ಓದಿದ ರಾತ್ರಿ ನಾನು ಸುಮ್ನೆ ಅಮ್ಮನನ್ನು ನೋಡುತ್ತ ಕೂತಿದ್ದೆ. ಈ ವಯಸ್ಸಿನಲ್ಲಿ ಅವರು ನಿಂತಿರುವುದು ಲಂಗ ತೊಟ್ಟು ಓಡಾಡುತ್ತಿದ್ದ ಹುಡುಗಿ ನೇಯ್ದ ಬಲೆಯ ಮೇಲೆ.

ಆಪರೇಷನ್‌ನಲ್ಲಿ ಬದಲಾಯಿಸಿ ತೆಗೆದ ಮಂಡಿಯೊಂದನ್ನು ಒಮ್ಮೆ ಗಂಟೆಗಟ್ಟಲೆ ನೋಡಿದ್ದೇನೆ. ಒಂದು ಬದಿಯಲ್ಲಿ ಕಾರ್ಟಿಲೇಜ್ ಪೂರ್ತಿ ಹೋಗಿ ಮೂಳೆ ದಂತದ ಹಾಗೆ ಹೊಳೆಯುತ್ತಿತ್ತು. ಕೆಲವೇ ಸೆಂಟಿಮೀಟರ್ ಆಚೆ, ಅದೇ ಮೂಳೆಯ ಮೇಲೆ, ನಾನು 1991ರಲ್ಲಿ ಕಂಡ ಅದೇ ನೀಲಿ ಬೆರೆತ ಬಿಳುಪು. ನಡುವಿನ ಜಾಗದಿಂದ ಒಂದು ತೆಳು ಪದರ ಕೊಯ್ದು ಅಗ್ರಿಕನ್ ಇದ್ದಲ್ಲಿ ಕೆಂಪು ಹಚ್ಚುವ ಸಫ್ರಾನಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಇಟ್ಟೆ. ಆರೋಗ್ಯವಾಗಿದ್ದರೆ ಕೆಂಪಾಗಿ ಕಾಣಬೇಕಾದ್ದು ಮೇಲ್ಭಾಗದಲ್ಲಿ ಬಿಳಚಿಕೊಂಡಿತ್ತು. ಸೀಳುಗಳಿದ್ದವು. ಸೀಳಿನ ಅಂಚಿನಲ್ಲಿ, ಸಾಮಾನ್ಯವಾಗಿ ಒಂಟಿಯಾಗಿರುವ ಕೋಶಗಳು ಹತ್ತು ಹದಿನೈದರ ಗುಂಪು ಕಟ್ಟಿಕೊಂಡಿದ್ದವು. ಪ್ರತಿ ಗುಂಪಿನ ಸುತ್ತ ಒಂದು ತೆಳು ಕೆಂಪು ಬಳೆ. ಅಷ್ಟೆಲ್ಲ ಹಾಳಾದ ಮೇಲೂ ಅವು ಹೊಸ ಅಗ್ರಿಕನ್ ತಯಾರಿಸುತ್ತಲೇ ಇದ್ದವು. ಬಿಚ್ಚುತ್ತಿದ್ದವೂ ಅವೇ, ಕಟ್ಟುತ್ತಿದ್ದವೂ ಅವೇ. ಇದನ್ನು ನೋಡಿದ ಮೇಲೆ "ಸವೆದಿದೆ" ಅಂತ ಹೇಗೆ ಹೇಳಲಿ?

ಪದ ತಪ್ಪಾದರೆ ಏನಂತೆ ಅಂತ ಕೇಳಬಹುದು. ಸವೆದದ್ದು ಅಂದುಕೊಂಡವರು ನಡೆಯುವುದನ್ನು ನಿಲ್ಲಿಸುತ್ತಾರೆ. ನಡೆಯದ ಕೀಲಿನಲ್ಲಿ ಹಿಂಡುವ, ಹೀರುವ ಓಡಾಟ ಕಡಿಮೆಯಾಗುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಆಡಿಸಲಾರದವರ ಮಂಡಿಯಲ್ಲಿ ಕಾರ್ಟಿಲೇಜ್ ತೆಳ್ಳಗಾಗುವುದನ್ನು ಅಳೆದು ನೋಡಿದ್ದಾರೆ. ತಟ್ಟೆಯ ಚೂರನ್ನು ಬಿಟ್ಟು ಬಿಟ್ಟು ಒತ್ತಿದರೆ ಕೋಶಗಳು ಜಾಸ್ತಿ ಅಗ್ರಿಕನ್ ತಯಾರಿಸುತ್ತವೆ, ಒತ್ತಿ ಹಾಗೇ ಹಿಡಿದರೆ ಕಡಿಮೆ ಮಾಡುತ್ತವೆ. ನಡೆಯದಿದ್ದರೆ ತೊಡೆಯ ಸ್ನಾಯುವೂ ಸೋಲುತ್ತದೆ, ತೂಕ ಏರುತ್ತದೆ. ಮೈತೂಕ ಒಂದು ಕಿಲೋ ಇಳಿದರೆ ಮಂಡಿಯ ಮೇಲೆ ಪ್ರತಿ ಹೆಜ್ಜೆಗೆ ಬೀಳುವ ಭಾರ ನಾಲ್ಕು ಕಿಲೋ ಇಳಿಯುತ್ತದೆ. ಔಷಧಿ ಇಲ್ಲದ ರೋಗದಲ್ಲಿ ನಮ್ಮ ಕೈಯಲ್ಲಿರುವುದು ಮುಖ್ಯವಾಗಿ ಇವೇ: ವ್ಯಾಯಾಮ, ತೂಕ, ಮತ್ತು ತೀರಾ ಹಾಳಾದಾಗ ಕೀಲು ಬದಲಾಯಿಸುವ ಆಪರೇಷನ್. ಮೊದಲನೆಯದನ್ನು ಆ ಒಂದು ಪದ ಕಿತ್ತುಕೊಳ್ಳುತ್ತದೆ.

ಅಮ್ಮನಿಗೆ ಕೊನೆಗೂ ಹೇಳಿದ್ದು ಸ್ಪಂಜಿನ ಕಥೆಯನ್ನು. ಕಿಣ್ವ, ಇಂಟರ್‌ಲ್ಯೂಕಿನ್ ಏನೂ ಇಲ್ಲ. ಒಂದು ಸ್ಪಂಜನ್ನು ನೀರಿನ ಬಟ್ಟಲಲ್ಲಿ ಇಟ್ಟು, ಒತ್ತಿ, ಬಿಟ್ಟು ತೋರಿಸಿದೆ. "ಮಂಡಿಗೆ ಊಟ ಹೋಗೋದು ಹೀಗೆ. ನೀವು ಕೂತ್ರೆ ಅದು ಉಪವಾಸ" ಅಂದೆ. ಅವರು ಬಟ್ಟಲಿಗೆ ಕೈ ಹಾಕಿ ತಾವೂ ಎರಡು ಸಲ ಒತ್ತಿ ನೋಡಿದರು. "ಇದನ್ನ ಅವತ್ತೇ ಹೇಳಬಾರದಿತ್ತಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಫಿಸಿಯೋಥೆರಪಿಸ್ಟ್ ಕಲಿಸಿದ ತೊಡೆಯ ವ್ಯಾಯಾಮದಿಂದ ಶುರುವಾಯಿತು. ಮೊದಲ ವಾರಗಳು ಕಷ್ಟವಾಗಿದ್ದವು, ನೋವಿತ್ತು. ಆಮೇಲೆ ಮನೆಯ ಸುತ್ತ ಹತ್ತು ನಿಮಿಷ. ಆಮೇಲೆ ಅರ್ಧ ಗಂಟೆ. ಎಡಗಾಲು ಈಗಲೂ ಮೆಟ್ಟಿಲು ಇಳಿಯುವಾಗ ನೋಯುತ್ತದೆ, ಕಂಬಿ ಹಿಡಿದೇ ಇಳಿಯುತ್ತಾರೆ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಒಳಗೆ ಕೂಗಿ ಹೇಳುತ್ತಾರೆ: "ಸ್ಪಂಜಿಗೆ ನೀರು ಕುಡಿಸ್ಕೊಂಡು ಬಂದೆ."